ಸುರುಳಿ ಸುತ್ತುವ ಮೊದಲು ಎಳೆ ಮುಟ್ಟಿ ನೋಡಿ

ಕರ್ಲಿಂಗ್ ಐರನ್ನಿನ ಡಬ್ಬ ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಹೊಳೆಯುವ ಅಕ್ಷರದ ಹೆಸರುಗಳು: ಸೆರಾಮಿಕ್, ಟೂರ್ಮಲಿನ್, ಟೈಟಾನಿಯಂ, ಅಯಾನಿಕ್, ಕೆರಾಟಿನ್, ಆರ್ಗಾನ್ ಆಯಿಲ್. ಅದೇ ಡಬ್ಬವನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎರಡು ಸಂಖ್ಯೆ ಸಿಗುತ್ತವೆ. ಸುತ್ತುವ ಕೊಳವೆಯ, ಅಂದರೆ ಬ್ಯಾರಲ್ಲಿನ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದು ಒಂದು. ಶಾಖವನ್ನು ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿವರೆಗೆ ಹೊಂದಿಸಿಕೊಳ್ಳಬಹುದು ಎಂಬುದು ಇನ್ನೊಂದು. ಉಪಕರಣ ನಿಮ್ಮ ಕೂದಲಿಗೆ ಒಗ್ಗುತ್ತದೋ ಇಲ್ಲವೋ ಎನ್ನುವುದು ಬಹುಪಾಲು ಈ ಎರಡರಲ್ಲೇ ತೀರ್ಮಾನವಾಗುತ್ತದೆ. ಮುಂಬದಿಯ ಹೆಸರುಗಳ ಪಾಲು ತೀರಾ ಕಡಿಮೆ. ಅಂಗಡಿಯವರು ಮಾತ್ರ ಹೇಳುವುದು ಹೆಸರುಗಳ ವಿಚಾರವನ್ನೇ.

ಸಂಖ್ಯೆಗಳ ಲೆಕ್ಕಕ್ಕೆ ಹೋಗುವ ಮುನ್ನ ಬಿಸಿ ಕೊಳವೆಗೆ ಸುತ್ತಿದ ಕೂದಲು ಯಾಕೆ ಸುರುಳಿಯಾಗಿಯೇ ಉಳಿಯುತ್ತದೆ ಎಂದು ತಿಳಿದಿರಬೇಕು. ಕೂದಲಿನ ಎಳೆ ಕೆರಾಟಿನ್ ಎಂಬ ಪ್ರೋಟೀನಿನದು. ಆ ಪ್ರೋಟೀನಿನ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬಂಧಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗಂಧಕದ ಬಂಧಗಳು ಗಟ್ಟಿ, ಬರೀ ನೀರಿಗೂ ಸಾಧಾರಣ ಶಾಖಕ್ಕೂ ಜಗ್ಗುವುದಿಲ್ಲ. ಹುಟ್ಟಾ ಗುಂಗುರು ಕೂದಲು ತಲೆಸ್ನಾನವಾದ ಮೇಲೂ ಗುಂಗುರಾಗಿಯೇ ಇರುವುದಕ್ಕೆ ಇವುಗಳ ಹಿಡಿತವೂ ಒಂದು ಕಾರಣ. ಪರ್ಮಿಂಗ್, ರೀಬಾಂಡಿಂಗ್‌ಗಳಲ್ಲಿ ರಾಸಾಯನಿಕ ಹಾಕಿ ಒಡೆದು ಮತ್ತೆ ಕಟ್ಟುವುದು ಇವುಗಳನ್ನೇ. ಎರಡನೆಯವು ಹೈಡ್ರೋಜನ್ ಬಂಧಗಳು. ಒಂದೊಂದೇ ನೋಡಿದರೆ ದುರ್ಬಲ, ಸಂಖ್ಯೆಯಲ್ಲಿ ಅಪಾರ. ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ, ಬಿಸಿ ತಾಗಿದರೂ ಬಿಟ್ಟುಕೊಳ್ಳುತ್ತವೆ. ಒಣಗಿ ತಣ್ಣಗಾಗುವಾಗ ಎಳೆ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರದಲ್ಲಿ ಹೊಸದಾಗಿ ಬೆಸೆದುಕೊಳ್ಳುತ್ತವೆ.

ಶಾಲೆಗೆ ರಿಬ್ಬನ್ ಕಟ್ಟಿ ಎರಡು ಜಡೆ ಹಾಕಿಕೊಂಡು ಹೋದ ಹುಡುಗಿ ಸಂಜೆ ಜಡೆ ಬಿಚ್ಚಿದಾಗ ಕೂದಲು ಅಲೆಅಲೆಯಾಗಿ ನಿಂತಿರುತ್ತದಲ್ಲ, ಅಲ್ಲಿ ನಡೆದಿರುವುದೂ ಇದೇ. ಬೆಳಗ್ಗೆ ಅರೆಬರೆ ಒಣಗಿದ್ದ ಕೂದಲನ್ನು ಬಿಗಿಯಾಗಿ ಹೆಣೆದಿದ್ದರಿಂದ ಅದು ಆ ಬಾಗಿನಲ್ಲೇ ಒಣಗಿತು, ಹೈಡ್ರೋಜನ್ ಬಂಧಗಳು ಆ ಬಾಗನ್ನೇ ಹಿಡಿದುಕೊಂಡವು. ಜಡೆ ಇಡೀ ದಿನ ತೆಗೆದುಕೊಳ್ಳುವ ಕೆಲಸವನ್ನು ಕರ್ಲಿಂಗ್ ಐರನ್ ಎಂಟು ಹತ್ತು ಸೆಕೆಂಡಿನಲ್ಲಿ ಮುಗಿಸುತ್ತದೆ. ಆ ಅವಸರಕ್ಕೆ ತೆರುವ ಬೆಲೆ ಶಾಖ.

ಇದರಿಂದ ಎರಡು ವಿಷಯ ಹೊರಡುತ್ತವೆ. ಸುರುಳಿ ಗಟ್ಟಿಯಾಗುವುದು ಬಿಸಿಯಾಗುವಾಗ ಅಲ್ಲ, ತಣ್ಣಗಾಗುವಾಗ. ಮತ್ತು ಕರ್ಲಿಂಗ್ ಐರನ್ನಿನ ಸುರುಳಿ ಯಾವತ್ತೂ ತಾತ್ಕಾಲಿಕ, ನೀರು ಸೋಕಿದರೆ ಮುಗಿಯಿತು. ಗಾಳಿಯಲ್ಲಿರುವ ನೀರೂ ಇದಕ್ಕೆ ಸೇರಿದ್ದೇ. ಕಲಬುರಗಿಯ ಏಪ್ರಿಲ್ಲಿನಲ್ಲಿ ರಾತ್ರಿಯವರೆಗೂ ನಿಲ್ಲುವ ಸುರುಳಿ ಮಂಗಳೂರಿನ ಜೂನ್ ತಿಂಗಳಲ್ಲಿ ಮನೆಯಿಂದ ಕಾರಿಗೆ ಹೋಗುವಷ್ಟರಲ್ಲಿ ಸಡಿಲಾಗಿರುತ್ತದೆ. ಅದಕ್ಕೆ ಉಪಕರಣವನ್ನು ಬೈದು ಫಲವಿಲ್ಲ.

ದಪ್ಪ ಬೇರೆ, ದಟ್ಟ ಬೇರೆ

"ನಂದು ತುಂಬಾ ದಪ್ಪ ಕೂದ್ಲು, ಜಾಸ್ತಿ ಬಿಸಿ ಬೇಕು" ಎಂದು ಹೇಳುವವರಲ್ಲಿ ಎಷ್ಟೋ ಮಂದಿಯ ಕೂದಲು ದಪ್ಪ ಇರುವುದೇ ಇಲ್ಲ, ದಟ್ಟವಾಗಿರುತ್ತದೆ. ತಲೆಯ ತುಂಬ ಎಳೆಗಳಿರುತ್ತವೆ, ಆದರೆ ಒಂದೊಂದು ಎಳೆ ನವಿರು. ಇದಕ್ಕೆ ತದ್ವಿರುದ್ಧವೂ ಉಂಟು: ಬೈತಲೆ ಅಗಲವಾಗಿ ಕಾಣುವಷ್ಟು ಕೂದಲು ಕಡಿಮೆ, ಇದ್ದ ಎಳೆ ಮಾತ್ರ ತಂತಿಯಂಥದ್ದು. ಉಪಕರಣ ಆರಿಸುವಾಗ ಇವೆರಡನ್ನು ಬೇರೆ ಮಾಡಿ ನೋಡಲೇಬೇಕು, ಏಕೆಂದರೆ ಇವು ನಿರ್ಧರಿಸುವ ವಿಷಯಗಳೇ ಬೇರೆ. ಎಷ್ಟು ಡಿಗ್ರಿ ಶಾಖ, ಎಷ್ಟು ಸೆಕೆಂಡು ಎಂಬುದಕ್ಕೆ ಎಳೆಯ ದಪ್ಪ ಉತ್ತರ ಕೊಡುತ್ತದೆ. ತಲೆಯನ್ನು ಎಷ್ಟು ಭಾಗ ಮಾಡಿಕೊಳ್ಳಬೇಕು, ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ, ಐರನ್ ಅಷ್ಟು ಹೊತ್ತೂ ಒಂದೇ ಸಮ ಕಾದಿರಬಲ್ಲದೇ ಎಂಬುದಕ್ಕೆ ದಟ್ಟಣೆ ಉತ್ತರ ಕೊಡುತ್ತದೆ.

ಎಳೆಯ ದಪ್ಪ ನೋಡಲು ಪಾರ್ಲರಿಗೆ ಹೋಗಬೇಕಿಲ್ಲ. ಎಣ್ಣೆಯ ಅಂಶವಿಲ್ಲದ ದಿನ ಬಾಚಣಿಗೆಯಲ್ಲಿ ಉಳಿದ ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ. ಕಣ್ಣು ಮುಚ್ಚಿಕೊಂಡರೆ ಏನೋ ಇದೆ ಎಂದೇ ಗೊತ್ತಾಗದಿದ್ದರೆ ನವಿರು. ಇದೆ ಎಂದು ಗೊತ್ತಾಗುತ್ತದೆ, ಆದರೆ ಒರಟಿಲ್ಲ ಎಂದರೆ ಮಧ್ಯಮ. ಬೆರಳ ಮಧ್ಯೆ ಸ್ಪಷ್ಟವಾಗಿ ಗರಗರ ಎಂದರೆ ದಪ್ಪ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ 20ರಲ್ಲೊಂದು ಭಾಗದಿಂದ 10ರಲ್ಲೊಂದು ಭಾಗದವರೆಗೆ ಇರುತ್ತದೆ. ಅಷ್ಟರಲ್ಲೇ ಒಂದಕ್ಕೆರಡರಷ್ಟು ವ್ಯತ್ಯಾಸ ಬಂತಲ್ಲ. ಮುಂದಲೆಯ ಒಂದು, ಹಿಂಬದಿಯ ಒಂದು ಎಳೆ ತೆಗೆದು ನೋಡಿದರೆ ಇನ್ನೂ ಒಳ್ಳೆಯದು. ಕಿವಿಯ ಹತ್ತಿರ, ಹಣೆಯ ಅಂಚಿನಲ್ಲಿ ಕೂದಲು ಬಹಳ ಜನರಿಗೆ ನವಿರು.

ದಟ್ಟಣೆಗೆ ಪೋನಿಟೇಲ್ ಕಟ್ಟಿ ಬುಡದಲ್ಲಿ ಟೇಪು ಸುತ್ತಿ. ಸುತ್ತಳತೆ ಐದು ಸೆಂಟಿಮೀಟರಿಗಿಂತ ಕಡಿಮೆಯಾದರೆ ತೆಳು, ಹತ್ತು ದಾಟಿದರೆ ದಟ್ಟ. ಮೂರನೆಯ ಪರೀಕ್ಷೆ ಆರೋಗ್ಯದ್ದು. ಒದ್ದೆ ಕೂದಲಿನ ಒಂದು ಎಳೆಯನ್ನು ಮೆಲ್ಲಗೆ ಎಳೆದು ಬಿಡಿ. ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂದರೆ ಕೂದಲಿನಲ್ಲಿ ಜೀವ ಇದೆ. ಹಿಗ್ಗಿದ್ದು ಹಾಗೇ ಜೋತುಬಿದ್ದರೆ, ಇಲ್ಲವೇ ಹಿಗ್ಗದೆ ಪಟ್ಟನೆ ತುಂಡಾದರೆ, ಐರನ್ ಕೊಳ್ಳುವ ಯೋಚನೆಯನ್ನು ಕೆಲವು ತಿಂಗಳು ಮುಂದೂಡುವುದು ಲೇಸು.

ವ್ಯಾಸದ ಲೆಕ್ಕ

ಅಂಗಡಿಯಲ್ಲಿ ಸಿಗುವ ಬ್ಯಾರಲ್ಲುಗಳು ತೀರಾ ಸಣ್ಣ 9 ಮಿಲಿಮೀಟರಿನಿಂದ 38ರವರೆಗೆ ಇವೆ. ನಡುವೆ 13, 16, 19, 22, 25, 28, 32. ಭಾರತದಲ್ಲಿ ಎಲ್ಲೆಂದರಲ್ಲಿ ಸಿಗುವುದು 16, 19, 25, 32. ಯಾವುದು ಬೇಕೆಂದು ತಿಳಿಯಲು ಶಾಲೆಯ ಗಣಿತ ಸಾಕು: ವ್ಯಾಸವನ್ನು ಮೂರು ಚಿಲ್ಲರೆಯಿಂದ ಗುಣಿಸಿದರೆ ಒಂದು ಸುತ್ತಿಗೆ ಎಷ್ಟು ಕೂದಲು ಖರ್ಚಾಗುತ್ತದೆ ಎಂದು ಗೊತ್ತಾಗುತ್ತದೆ. 19 ಮಿಲಿಮೀಟರಿನ ಬ್ಯಾರಲ್ಲಿಗೆ ಒಂದು ಸುತ್ತಿಗೆ ಸುಮಾರು 6 ಸೆಂಟಿಮೀಟರ್, 25ಕ್ಕೆ 8, 32ಕ್ಕೆ 10, 38ಕ್ಕೆ 12.

ಈಗ ನಿಮ್ಮ ಕೂದಲಿನ ಉದ್ದ ಅಳೆಯಿರಿ. ಕುತ್ತಿಗೆಯವರೆಗಿನ ಬಾಬ್ ಕಟ್ ಎನ್ನಿ, ಬುಡದಲ್ಲಿ ಬಿಡುವುದನ್ನು ಬಿಟ್ಟು ಸುತ್ತಲು ಸಿಗುವುದು 15 ಸೆಂಟಿಮೀಟರ್. ಅದನ್ನು 38ರ ಬ್ಯಾರಲ್ಲಿಗೆ ಹಾಕಿದರೆ ಒಂದೂಕಾಲು ಸುತ್ತು ಬರುತ್ತದೆ. ಅಷ್ಟಕ್ಕೆ ಸುರುಳಿ ಎನ್ನಲಾಗದು, ತುದಿ ಒಳಮುಖವಾಗಿ ಬಾಗಿದಂತೆ ಕಾಣುತ್ತದೆ ಅಷ್ಟೇ. 19ರದ್ದಾದರೆ ಎರಡೂವರೆ ಸುತ್ತು, ನೋಡಿದವರಿಗೆ ಸುರುಳಿ ಎಂದು ಗೊತ್ತಾಗುತ್ತದೆ. ಭುಜ ದಾಟಿದ ಕೂದಲಿನಲ್ಲಿ ಸುತ್ತಲು 25 ಸೆಂಟಿಮೀಟರ್ ಸಿಕ್ಕರೆ 25ರ ಬ್ಯಾರಲ್ಲಿನಲ್ಲಿ ಮೂರು ಸುತ್ತು ತುಂಬುತ್ತದೆ. ಈ ಅಳತೆಯ ಕೂದಲೇ ಹೆಚ್ಚಾಗಿರುವುದರಿಂದ 25 ಮಿಲಿಮೀಟರ್ ಎಲ್ಲರಿಗೂ ಸರಿ ಎಂಬ ಮಾತು ಹುಟ್ಟಿದೆ. ಒಂದೇ ಐರನ್ ಕೊಳ್ಳುವುದಾದರೆ ನಾನೂ ಅದನ್ನೇ ಹೇಳಿಯೇನು, ಆದರೆ ಸೊಂಟದವರೆಗೆ ಜಡೆ ಇರುವವರಿಗೆ ಅಲ್ಲ.

ಉದ್ದ ಜಡೆಯವರ ಕಷ್ಟ ಬೇರೆ ಥರದ್ದು. ಸುತ್ತಲು 55 ಸೆಂಟಿಮೀಟರ್ ಇದೆ ಎಂದುಕೊಳ್ಳಿ. 25ರ ಬ್ಯಾರಲ್ಲಿಗೆ ಏಳು ಸುತ್ತು. ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಪಕ್ಕಪಕ್ಕದಲ್ಲಿ ಸುತ್ತುತ್ತ ಹೋದರೆ 14 ಸೆಂಟಿಮೀಟರ್ ಉದ್ದದ ಬ್ಯಾರಲ್ ಬೇಕು. ಅಗ್ಗದ ಐರನ್ನುಗಳಲ್ಲಿ ಅಷ್ಟು ಉದ್ದ ಇರುವುದಿಲ್ಲ. ಜಾಗ ಸಾಲದೆ ಸುತ್ತಿನ ಮೇಲೆ ಸುತ್ತು ಕೂರುತ್ತದೆ, ಒಳಗಿನ ಪದರ ಹುರಿಯುತ್ತದೆ, ಹೊರಗಿನದಕ್ಕೆ ಶಾಖವೇ ಮುಟ್ಟುವುದಿಲ್ಲ. ಮೇಲಾಗಿ ಉದ್ದ ಕೂದಲಿನ ಭಾರವೇ ಸುರುಳಿಯನ್ನು ಕೆಳಕ್ಕೆ ಜಗ್ಗುತ್ತದೆ. ಕಿವಿಯ ಮಟ್ಟದಲ್ಲಿ ಮೊದಲು ಬಿಚ್ಚಿಕೊಳ್ಳುತ್ತದೆ, ತುದಿಯಲ್ಲಿ ಮಾತ್ರ ಉಳಿಯುತ್ತದೆ. ಇಂಥವರು 28 ಅಥವಾ 32ರ, ಉದ್ದನೆಯ ಬ್ಯಾರಲ್ ಇರುವ ಐರನ್ ಹುಡುಕಬೇಕು. ಪಟ್ಟಿಯನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಇಳಿಸಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಕಿವಿಯಿಂದ ಕೆಳಗೆ ಅರ್ಧಕ್ಕೆ ಮಾತ್ರ ಸುರುಳಿ ಹಾಕಿ ಮೇಲಿನದನ್ನು ನೇರವಾಗಿಯೇ ಬಿಡುವುದು ಜಾಣತನ.

ಉದ್ದ ಕೂದಲಿನ ಬಗ್ಗೆ ಇನ್ನೊಂದು ಮಾತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ನಾಲ್ಕೈದು ವರ್ಷ ವಯಸ್ಸು. ಅಷ್ಟೂ ವರ್ಷದ ಬಿಸಿಲು, ಬೋರ್‌ವೆಲ್ಲಿನ ಗಡಸು ನೀರು, ಬಾಚಣಿಗೆಯ ಪೆಟ್ಟು ತಿಂದ ತುದಿ ಅದು. ನಿನ್ನೆ ಮೊನ್ನೆ ಹುಟ್ಟಿದ ಬುಡಕ್ಕೆ ಒಪ್ಪುವ ಶಾಖ ಅದಕ್ಕೆ ಒಪ್ಪುವುದಿಲ್ಲ. ಕ್ಲಿಪ್ ಇರುವ ಐರನ್ನಿನಲ್ಲಿ ತುದಿಯನ್ನೇ ಮೊದಲು ಕಚ್ಚಿಸಿ ಮೇಲಕ್ಕೆ ಸುತ್ತಿಕೊಂಡು ಹೋದರೆ ಅತಿ ಹೆಚ್ಚು ಹೊತ್ತು ಬೇಯುವುದು ಆ ಮುದಿ ತುದಿಯೇ. ನಡುವಿನಿಂದ ಶುರುಮಾಡಿ ತುದಿಯನ್ನು ಕೊನೆಗೆ ಒಳಗೆ ಜಾರಿಸುವುದನ್ನು ಕಲಿತುಕೊಂಡರೆ ತುದಿ ಕವಲೊಡೆಯುವುದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಕೂದಲಿನ ಸ್ವಭಾವ. ಕಡ್ಡಿಯಂತೆ ನೇರವಾದ, ಜಾರುವ ಕೂದಲಿನಲ್ಲಿ ಸುರುಳಿ ಬೇಗ ಇಳಿದುಹೋಗುತ್ತದೆ. ನಿಮಗೆ ಕಡೆಗೆ ಕಾಣಬೇಕಾದ ಸುರುಳಿಗಿಂತ ಒಂದು ಅಳತೆ ಚಿಕ್ಕ ಬ್ಯಾರಲ್ ಕೊಳ್ಳಿ: 32ರ ಅಲೆ ಬೇಕಿದ್ದರೆ 25. ಹುಟ್ಟಾ ಅಲೆಯಿರುವ ಕೂದಲು ಸುರುಳಿಯನ್ನು ತಾನೇ ಹಿಡಿದುಕೊಳ್ಳುತ್ತದೆ, 28 ಅಥವಾ 32 ನಡೆಯುತ್ತದೆ. ಗುಂಗುರು ಕೂದಲಿನವರಿಗೆ ಕರ್ಲಿಂಗ್ ಐರನ್ ಯಾಕೆ ಎಂದು ನಗಬೇಡಿ. ತಲೆಸ್ನಾನ ಮಾಡಿ ಒಣಗಿಸಿದ ಮೇಲೆ ಎಲ್ಲ ಸುರುಳಿಯೂ ಒಂದೇ ಥರ ಕೂರುವುದಿಲ್ಲ, ಮುಖದ ಸುತ್ತ ನಾಲ್ಕಾರು ಗುಚ್ಛ ಕೆದರಿಕೊಂಡಿರುತ್ತದೆ. ಅವನ್ನಷ್ಟೇ ತಿದ್ದಲು ಅವರಿಗೆ ಬೇಕಾದದ್ದು ಸಣ್ಣ ವಾಂಡ್, ಅಂದರೆ ಕ್ಲಿಪ್ಪಿಲ್ಲದ ಐರನ್, ತಮ್ಮ ಸ್ವಂತ ಸುರುಳಿಯ ಅಳತೆಯದು. ಒಂದು ಚೆಂದದ ಸುರುಳಿಯೊಳಗೆ ಪೆನ್ನು ತೂರಿಸಿ ನೋಡಿ, ಸಡಿಲಾಗಿದ್ದರೆ ಮಾರ್ಕರ್ ತೂರಿಸಿ. 13, 16, 19ರಲ್ಲಿ ಯಾವುದೆಂದು ತಕ್ಷಣ ತಿಳಿಯುತ್ತದೆ. ಮೊದಲು ಸ್ಟ್ರೇಟ್ನರ್ ಎಳೆದು ನೇರ ಮಾಡಿ ಆಮೇಲೆ ಐರನ್ನಿನಲ್ಲಿ ಸುರುಳಿ ಮಾಡಿಕೊಳ್ಳುವವರೂ ಇದ್ದಾರೆ. ಒಂದೇ ಕೂದಲಿಗೆ ಎರಡು ಸಲ ಬೆಂಕಿ.

ಡಿಗ್ರಿಯ ವಿಚಾರ

ಮೊದಲ ಕರ್ಲಿಂಗ್ ಐರನ್ನುಗಳಿಗೆ ಡಿಗ್ರಿಯೇ ಇರಲಿಲ್ಲ. ರೋಮನ್ನರ ಕಾಲದಲ್ಲಿ ಲೋಹದ ಸಲಾಕೆಯನ್ನು ಬಿಸಿ ಬೂದಿಯಲ್ಲಿ ಹೂತು ಕಾಯಿಸಿ ಕೂದಲು ಸುತ್ತುತ್ತಿದ್ದರು. ಮುಂದೆ ಮೆಷಿನ್ ಗನ್ನಿನಿಂದ ಹೆಸರಾದ ಹಿರಾಮ್ ಮ್ಯಾಕ್ಸಿಮ್ 1866ರಲ್ಲಿ ಪಡೆದ ಪೇಟೆಂಟ್ ಕೂದಲು ಸುರುಳಿ ಮಾಡುವ ಕಬ್ಬಿಣದ್ದು. 1870ರ ದಶಕದಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾತೊ ಬಿಸಿ ಇಕ್ಕಳದಿಂದ ಅಲೆ ಮೂಡಿಸುವ ವಿಧಾನ ಕಂಡುಕೊಂಡ. ಸ್ಪ್ರಿಂಗ್ ಇಲ್ಲದೆ ಕೈಯಲ್ಲೇ ತೆರೆದು ಮುಚ್ಚುವ ಇಕ್ಕಳವನ್ನು ಪಾರ್ಲರಿನವರು ಇವತ್ತಿಗೂ ಮಾರ್ಸೆಲ್ ಎಂದೇ ಕರೆಯುತ್ತಾರೆ. ಆ ಕಾಲದವರು ಕಾದ ಇಕ್ಕಳವನ್ನು ತಲೆಗೆ ಇಡುವ ಮೊದಲು ಕಾಗದಕ್ಕೆ ಕಚ್ಚಿಸಿ ನೋಡುತ್ತಿದ್ದರು. ಕಾಗದ ಕಂದಿದರೆ ಆರಲು ಬಿಡುತ್ತಿದ್ದರು. ಡಿಗ್ರಿ ತೋರಿಸದೆ ಕೆಂಪು ದೀಪ ಮಾತ್ರ ಇರುವ ಅಗ್ಗದ ಐರನ್ ನಿಮ್ಮ ಬಳಿ ಈಗಾಗಲೇ ಇದ್ದರೆ ಈ ಹಳೆಯ ಪರೀಕ್ಷೆಯನ್ನು ಇವತ್ತೂ ಮಾಡಬಹುದು. ಬಿಳಿ ಟಿಶ್ಯೂ ಕಾಗದ ಹತ್ತು ಸೆಕೆಂಡಿನಲ್ಲಿ ಹಳದಿ ತಿರುಗಿದರೆ ಅದು ಕೂದಲಿಗೆ ತಕ್ಕದ್ದಲ್ಲ.

ಹೊಸದು ಕೊಳ್ಳುವಾಗಲಂತೂ ಡಿಗ್ರಿ ಹೊಂದಿಸಲು ಬಾರದ ಐರನ್ ಬೇಡ. ನವಿರು ಎಳೆಗೆ 130ರಿಂದ 150 ಡಿಗ್ರಿ ಸೆಲ್ಸಿಯಸ್ ಸಾಕು, ಐದಾರು ಸೆಕೆಂಡು. ಮಧ್ಯಮಕ್ಕೆ 160ರಿಂದ 180, ಎಂಟು ಸೆಕೆಂಡು. ದಪ್ಪ, ಆರೋಗ್ಯವಾದ ಎಳೆಗೆ 180ರಿಂದ 200, ಹತ್ತು ಸೆಕೆಂಡು. ಡಬ್ಬದ ಮೇಲೆ 230 ಎಂದು ಬರೆದಿರುವುದು ವಾಹನದ ಸ್ಪೀಡೋಮೀಟರಿನ ಕೊನೆಯ ಅಂಕಿ ಇದ್ದ ಹಾಗೆ ಎಂದು ಬಿಟ್ಟುಬಿಡಬಹುದಿತ್ತು, ಆದರೆ ಇಲ್ಲಿ ಆ ಅಂಕಿಯನ್ನು ಮುಟ್ಟುವವರು ನಿಜಕ್ಕೂ ಇದ್ದಾರೆ. ಆ ಶಾಖದ ಸುತ್ತಮುತ್ತ ಒಣ ಕೂದಲಿನ ಕೆರಾಟಿನ್ನೇ ಕೆಡಲು ಶುರುವಾಗುತ್ತದೆ. ಹಾಗೆ ಕೆಟ್ಟದ್ದು ಯಾವ ಎಣ್ಣೆಗೂ ಯಾವ ಸ್ಪಾಗೂ ಹಿಂದಕ್ಕೆ ಬರುವುದಿಲ್ಲ, ಕತ್ತರಿಯೇ ಗತಿ. ಕನಿಷ್ಠ ಶಾಖ 180 ಎಂದಿರುವ ಮಾಡೆಲ್ಲುಗಳೂ ಉಂಟು. ನವಿರು ಕೂದಲಿನವರು ಅವುಗಳ ಕಡೆ ನೋಡಲೇಬಾರದು. ಗರಿಷ್ಠ ಎಷ್ಟು ಎಂದು ಕೇಳುವ ಬದಲು ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ.

ಕಲರ್ ಮಾಡಿಸಿದ, ಬ್ಲೀಚ್ ಮಾಡಿಸಿದ ಕೂದಲಿಗೆ 150 ದಾಟದಿರುವುದು ಕ್ಷೇಮ. ಕಪ್ಪು ಬಣ್ಣ ಬರುವ ಮೆಹಂದಿ ಪ್ಯಾಕೆಟ್ಟುಗಳಲ್ಲಿ ರಾಸಾಯನಿಕ ಬಣ್ಣ ಬೆರೆತಿರುವುದು ಸಾಮಾನ್ಯ, ಅದನ್ನು ಹಚ್ಚುವವರೂ ತಮ್ಮನ್ನು ಈ ಗುಂಪಿಗೇ ಸೇರಿಸಿಕೊಳ್ಳಬೇಕು. ನರೆಗೂದಲಿಗೆ ಶಾಖ ಹೆಚ್ಚಾದರೆ ಬಿಳುಪು ಹೋಗಿ ಹಳದಿ ಛಾಯೆ ಬರುತ್ತದೆ. ಸ್ಮೂತನಿಂಗ್, ರೀಬಾಂಡಿಂಗ್ ಮಾಡಿಸಿಕೊಂಡವರ ಕತೆ ಸ್ವಲ್ಪ ಕಠಿಣ. ಅವರ ಕೂದಲಿನ ಗಟ್ಟಿ ಬಂಧಗಳನ್ನೇ ಒಮ್ಮೆ ಒಡೆದು ನೇರವಾಗಿ ಕೂರಿಸಲಾಗಿದೆ. ಐರನ್ನಿಗೆ ಸಿಗುವುದು ಹೈಡ್ರೋಜನ್ ಬಂಧಗಳು ಮಾತ್ರ, ಅಷ್ಟರಿಂದ ಹಾಕಿದ ಸುರುಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಲ್ಲಲಿಲ್ಲವೆಂದು ಶಾಖ ಏರಿಸುತ್ತ ಹೋದರೆ ಮೊದಲೇ ಬಳಲಿದ ಎಳೆ ಮಧ್ಯದಲ್ಲಿ ಮುರಿಯುತ್ತದೆ. ಸಾವಿರಾರು ರೂಪಾಯಿ ಕೊಟ್ಟು ನೇರ ಮಾಡಿಸಿದ್ದನ್ನು ಎರಡೇ ತಿಂಗಳಿಗೆ ಸುರುಳಿ ಮಾಡಹೊರಡುವ ಆಸೆ ಅರ್ಥವಾಗುವಂಥದ್ದೇ. ಒಂದು ದಿನದ ಆಸೆಗೆ ವೆಲ್‌ಕ್ರೋ ರೋಲರ್ ಸಾಕು.

ಕಡಿಮೆ ಶಾಖ ಒಳ್ಳೆಯದೆಂದು ತೀರಾ ಇಳಿಸಿಕೊಂಡು ಒಂದೇ ಪಟ್ಟಿಯನ್ನು ನಾಲ್ಕು ಸಲ ಸುತ್ತುವುದೂ ತಪ್ಪೇ. ತಕ್ಕ ಶಾಖದಲ್ಲಿ ಒಂದೇ ಸಲ, ಅದು ಗುರಿ. ಇಲ್ಲಿ ಐರನ್ನಿನ ಗುಣಮಟ್ಟದ ನಿಜವಾದ ಪ್ರಶ್ನೆ ಬರುತ್ತದೆ. ತಣ್ಣನೆ ಕೂದಲು ಸುತ್ತಿದ ಕ್ಷಣ ಬ್ಯಾರಲ್ಲಿನ ಮೇಲ್ಮೈ ಶಾಖ ಇಳಿಯುತ್ತದೆ. ಒಳಗಿನ ಸೆನ್ಸರ್ ಅದನ್ನು ಗುರುತಿಸಿ ಹೀಟರಿಗೆ ಕರೆಂಟ್ ಬಿಟ್ಟು ಮತ್ತೆ ಮೇಲಕ್ಕೆ ತರಬೇಕು. ಒಳ್ಳೆಯ ಐರನ್ ಇದನ್ನು ತಕ್ಷಣ ಮಾಡುತ್ತದೆ, ಅಗ್ಗದ್ದು ಏದುಸಿರು ಬಿಡುತ್ತದೆ. ತೆಳು ಕಾವಲಿಯ ಮೇಲೆ ಮೊದಲ ದೋಸೆ ಗರಿಗರಿ ಬಂದು ನಾಲ್ಕನೆಯದು ಬಿಳಿಚಿಕೊಳ್ಳುವ ಹಾಗೆ, ತಲೆಯ ಎಡಭಾಗದ ಸುರುಳಿ ಬಿಗಿಯಾಗಿ ಬಲಭಾಗದ್ದು ಪೇಲವವಾಗುತ್ತದೆ. ದಟ್ಟ ಕೂದಲಿನವರು ಹೆಚ್ಚು ದುಡ್ಡು ಕೊಡುವುದಾದರೆ ಇದಕ್ಕೆ ಕೊಡಬೇಕು. ಡಬ್ಬದ ಮೇಲೆ ಹೀಟರ್ ಬಗೆಯನ್ನು ಪಿಟಿಸಿ, ಎಂಸಿಎಚ್ ಎಂದು ಬರೆದಿರುತ್ತಾರೆ. ಎಂಸಿಎಚ್ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತದೆ. ಪಿಟಿಸಿ ಕಾದಷ್ಟೂ ತಾನೇ ಕರೆಂಟ್ ಕಡಿಮೆ ಎಳೆಯುವ ಸ್ವಭಾವದ್ದು, ಹಾಗಾಗಿ ಸರಳ, ಅಗ್ಗ.

ಹೊಳೆಯುವ ಹೆಸರುಗಳು

ಸೆರಾಮಿಕ್ ಎಂದರೆ ಹೆಚ್ಚಿನ ಐರನ್ನುಗಳಲ್ಲಿ ಲೋಹದ ಮೇಲಿನ ತೆಳು ಲೇಪ. ಕೂದಲು ಜಾರುತ್ತದೆ, ಶಾಖ ಸಮನಾಗಿ ಹರಡುತ್ತದೆ, ಒಳ್ಳೆಯದೇ. ಲೇಪ ಒಂದು ಕಡೆ ಚಕ್ಕೆ ಎದ್ದರೆ ಮಾತ್ರ ಆ ಅಂಚಿಗೆ ಕೂದಲು ಸಿಕ್ಕಿ ಕಿತ್ತುಬರುತ್ತದೆ, ಆಗ ಐರನ್ನನ್ನು ಬದಲಿಸುವುದೇ ದಾರಿ. ಟೂರ್ಮಲಿನ್ ಒಂದು ಖನಿಜ, ಅದರ ಪುಡಿಯನ್ನು ಲೇಪಕ್ಕೆ ಬೆರೆಸಿರುತ್ತಾರೆ. ಕೂದಲು ಕೆದರುವುದನ್ನು ಅಷ್ಟಿಷ್ಟು ತಗ್ಗಿಸುತ್ತದೆ ಎನ್ನುತ್ತಾರೆ. ಟೈಟಾನಿಯಂ ಬಗ್ಗೆ ಅಂಗಡಿಯಲ್ಲಿ ಹೇಳುವುದು "ಬೇಗ ಕಾಯುತ್ತೆ" ಎಂದು. ನಿಜದಲ್ಲಿ ಟೈಟಾನಿಯಂ ಅಲ್ಯೂಮಿನಿಯಮ್ಮಿಗಿಂತ ಎಷ್ಟೋ ಪಟ್ಟು ಕಡಿಮೆ ಶಾಖ ಸಾಗಿಸುವ ಲೋಹ. ಬೇಗ ಕಾಯುವ ಐರನ್ ಬೇಗ ಕಾಯುವುದು ಒಳಗಿನ ಹೀಟರಿನಿಂದ ಮತ್ತು ಲೇಪದ ಕೆಳಗಿರುವ ಲೋಹದಿಂದ. ಟೈಟಾನಿಯಮ್ಮಿನ ಗುಣ ಗಟ್ಟಿತನ, ಗೀರು ಬೀಳದಿರುವುದು. ದಿನಕ್ಕೆ ಹತ್ತು ತಲೆ ನೋಡುವ ಪಾರ್ಲರಿಗೆ ಅದು ಬೇಕು, ತಿಂಗಳಿಗೆರಡು ಸಲ ಬಳಸುವವರಿಗೆ ಅಂಥ ಅಗತ್ಯವಿಲ್ಲ. ಲೇಪದಲ್ಲಿ ಬೆರೆಸಿದ್ದೇವೆ ಎನ್ನುವ ಕೆರಾಟಿನ್, ಆರ್ಗಾನ್ ಎಣ್ಣೆಗಳಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಕ್ಲಿಪ್ಪಿನದೋ, ವಾಂಡೋ ಎಂಬ ಆಯ್ಕೆ ಇದಕ್ಕಿಂತ ಮುಖ್ಯ. ಸ್ಪ್ರಿಂಗ್ ಕ್ಲಿಪ್ ಇರುವುದು ಕೂದಲನ್ನು ತಾನೇ ಹಿಡಿದುಕೊಳ್ಳುತ್ತದೆ, ಹೊಸಬರಿಗೆ ಹಗುರ. ಆದರೆ ಕ್ಲಿಪ್ ಒತ್ತಿದ ಜಾಗದಲ್ಲಿ ಅಡ್ಡ ಗೆರೆ ಮೂಡುತ್ತದೆ, ದಪ್ಪ ಕೂದಲಿನಲ್ಲಿ ಅದು ಎದ್ದು ಕಾಣುತ್ತದೆ. ಕ್ಲಿಪ್ಪಿಲ್ಲದ ವಾಂಡ್ ಆ ಗೆರೆ ಬಿಡುವುದಿಲ್ಲ, ಸುರುಳಿ ಸಹಜವಾಗಿ ಕಾಣುತ್ತದೆ. ತುದಿಯನ್ನು ನಿಮ್ಮ ಬೆರಳೇ ಹಿಡಿದಿರಬೇಕಾದ್ದರಿಂದ ಕೈಗವಸು ಬೇಕು. ತುದಿಗೆ ಕಿರಿದಾಗುತ್ತ ಹೋಗುವ ವಾಂಡ್ ಪದರಪದರವಾಗಿ ಕತ್ತರಿಸಿದ ಕೂದಲಿಗೆ ಚೆನ್ನ. ಮೂರು ಬ್ಯಾರಲ್ಲಿನ ವೇವರ್ ಸುತ್ತುವುದಿಲ್ಲ, ಒತ್ತುತ್ತದೆ. ಉದ್ದ, ದಟ್ಟ ಕೂದಲಿಗೆ ಬೇಗ ಅಲೆ ಬೇಕೆಂದರೆ ಅದೇ ಸುಲಭ. ಕೂದಲನ್ನು ಒಳಗೆಳೆದುಕೊಂಡು ತಾನೇ ಸುತ್ತುವ ಆಟೊಮ್ಯಾಟಿಕ್ ಯಂತ್ರಗಳು ಸಿಕ್ಕಿಲ್ಲದ, ನೇರ ಕೂದಲಿನವರಿಗೆ ಸರಿ. ಸಿಕ್ಕಾಗುವ ಗುಂಗುರು ಕೂದಲು ಅದರೊಳಗೆ ಸಿಲುಕಿದರೆ ಬಿಡಿಸುವುದು ಪ್ರಾಣಸಂಕಟ. 2018ರಲ್ಲಿ ಬಂದ ಡೈಸನ್ ಏರ್‌ರ‍್ಯಾಪ್ ಬಿಸಿ ಲೋಹದ ಬದಲು ಗಾಳಿಯಿಂದ ಸುತ್ತುತ್ತದೆ. ಬಾಗಿದ ಮೇಲ್ಮೈಗೆ ಗಾಳಿ ಅಂಟಿಕೊಂಡು ಹರಿಯುವ ಗುಣವನ್ನು ಬಳಸಿ, ಶಾಖವನ್ನು 150 ಡಿಗ್ರಿಯೊಳಗೆ ಇಡುತ್ತದೆ. ಅರೆ ಒದ್ದೆ ಕೂದಲಿಗೆಂದೇ ಮಾಡಿದ್ದು. ಬೆಲೆ ಮಾತ್ರ ಬೆಚ್ಚಿಬೀಳಿಸುವಂಥದ್ದು.

ಲೋಹದ ಐರನ್ನಿಗೆ ಆ ಅರೆ ಒದ್ದೆ ಕೂಡದು. ಕೂದಲು ಪೂರ್ತಿ ಒಣಗದೆ ಸುತ್ತಿದರೆ ಚುಂಯ್ ಎಂದು ಸದ್ದು ಬರುತ್ತದೆ. ಎಳೆಯೊಳಗಿನ ನೀರು ಒಮ್ಮೆಲೇ ಆವಿಯಾಗಿ ಹೊರಬರಲು ದಾರಿಯಿಲ್ಲದೆ ಒಳಗೇ ಗುಳ್ಳೆ ಎಬ್ಬಿಸುವ ಸದ್ದದು. ಚರ್ಮವೈದ್ಯರು ಇದನ್ನು ಬಬಲ್ ಹೇರ್ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಎಳೆ ತೂತುತೂತಾಗಿ ಕಾಣುತ್ತದೆ, ಬರಿಗಣ್ಣಿಗೆ ಒರಟಾಗಿ, ಮುಟ್ಟಿದರೆ ಮುರಿಯುವಂತೆ. ಎಣ್ಣೆ ಹಚ್ಚಿದ ತಲೆಗೂ ಐರನ್ ಬೇಡ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡಲು ಶುರುಮಾಡುತ್ತದೆ, 180ಕ್ಕೆ ಇಟ್ಟ ಬ್ಯಾರಲ್ಲಿನ ಮೇಲೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ ಹಾಕಿದರೂ ಅದು ಒಣಗುವವರೆಗೆ ಕಾಯಬೇಕು. ಅದರಲ್ಲಿರುವ ಸಿಲಿಕೋನ್ ಶಾಖ ಎಳೆಗೆ ಇಳಿಯುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಹೇರ್ ಸ್ಪ್ರೇಯಲ್ಲಿರುವುದು ಬೆಂಕಿ ಹತ್ತುವ ಆಲ್ಕೊಹಾಲ್, ಅದು ಎಲ್ಲ ಮುಗಿದ ಮೇಲೆ, ಐರನ್ ಆಚೆ ಇಟ್ಟ ಮೇಲೆ.

ಕೈಚಳಕ ನೋಡಬೇಕೆಂದರೆ ಯಾವುದಾದರೂ ಕಲ್ಯಾಣಮಂಟಪದಲ್ಲಿ ರಿಸೆಪ್ಷನ್ನಿಗೆ ಮುಂಚೆ ವಧುವಿನ ಕೋಣೆಗೆ ಹೋಗಿ. ಪಾರ್ಲರಿನಾಕೆ ತಲೆಯನ್ನು ನಾಲ್ಕಾರು ಭಾಗ ಮಾಡಿ ಕ್ಲಿಪ್ಪು ಹಾಕಿಟ್ಟಿರುತ್ತಾಳೆ. ಕುತ್ತಿಗೆಯ ಹತ್ತಿರದಿಂದ ಬೆರಳಗಲದ ಪಟ್ಟಿ ತೆಗೆದು, ಬಾಚಿ, ಸುತ್ತಿ, ಬಾಯಲ್ಲಿ ಎಂಟರವರೆಗೆ ಎಣಿಸುತ್ತಾಳೆ. ಆಮೇಲೆ ಬ್ಯಾರಲ್ಲನ್ನು ಮೆಲ್ಲಗೆ ಜಾರಿಸಿ ತೆಗೆಯುವಾಗ ಸುರುಳಿಯನ್ನು ಕೆಳಕ್ಕೆ ಬೀಳಗೊಡುವುದಿಲ್ಲ. ಅಂಗೈಯಲ್ಲಿ ಹಿಡಿದು, ಸುತ್ತಿದ್ದು ಸುತ್ತಿದ ಹಾಗೇ ತಲೆಗೆ ಒತ್ತಿ ಪಿನ್ನು ಸಿಕ್ಕಿಸುತ್ತಾಳೆ. ಅರ್ಧ ಗಂಟೆಯಲ್ಲಿ ತಲೆತುಂಬ ಪಿನ್ನು ಹಾಕಿದ ಗುಂಡು ಸುರುಳಿಗಳು. ಮದುಮಗಳು ಒಂದನ್ನು ಬಿಚ್ಚಿ ನೋಡಲು ಕೈಯೆತ್ತಿದರೆ "ಆರ್ಲಿ ಕಣಮ್ಮಾ, ಬಿಸಿ ಇರೋವಾಗ ಮುಟ್ಟಿದ್ರೆ ಫೋಟೋ ತೆಗೆಯೋ ಹೊತ್ತಿಗೆ ಎಲ್ಲಾ ಇಳ್ದೋಗುತ್ತೆ" ಎಂದು ಗದರುತ್ತಾಳೆ. ಹೈಡ್ರೋಜನ್ ಬಂಧ ಎಂದು ಆಕೆ ಹೇಳುವುದಿಲ್ಲ ಅಷ್ಟೇ. ಸೀರೆ ಉಟ್ಟು, ಒಡವೆ ಹಾಕಿ ಮುಗಿದ ಮೇಲೆ ಪಿನ್ನು ತೆಗೆದು, ಬೆರಳಾಡಿಸಿ ಬಿಡಿಸುತ್ತಾಳೆ. ಮನೆಯಲ್ಲಿ ಸುರುಳಿ ನಿಲ್ಲುವುದಿಲ್ಲ ಎನ್ನುವವರು ಹೊಸ ಐರನ್ ಹುಡುಕುವ ಮುನ್ನ ಪಿನ್ನಿನ ಒಂದು ಪ್ಯಾಕೆಟ್ ಕೊಂಡು ನೋಡಬಹುದು.

ಅಮೆರಿಕದಿಂದ ತಂದದ್ದು

ಅಮೆರಿಕದಲ್ಲಿರುವ ಅಕ್ಕನೋ ಸೊಸೆಯೋ ಊರಿಗೆ ಬರುವಾಗ ಒಳ್ಳೆಯ ಬ್ರಾಂಡಿನ ಐರನ್ ತಂದುಕೊಡುವುದುಂಟು. ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಹಿಡಿಕೆಯ ಮೇಲಿನ ಸಣ್ಣ ಅಕ್ಷರ ಓದಿ. 100-240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಹಾಕಬೇಡಿ. ವೋಲ್ಟೇಜ್ ಎರಡರಷ್ಟಾದರೆ ಹೀಟರಿನಲ್ಲಿ ಶಾಖ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಇಲ್ಲಿನ ಲೆಕ್ಕದಲ್ಲಿ ಮೂರೂವರೆ ಪಟ್ಟಿಗೂ ಮೇಲೆ, ಒಂದೆರಡು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಇಲ್ಲಿಂದ ಅಲ್ಲಿಗೆ ಒಯ್ದ 230ರ ಐರನ್ ಸುಡುವುದಿಲ್ಲ, ಆದರೆ ಉಗುರು ಬೆಚ್ಚಗಾಗಿ ಕೂತುಬಿಡುತ್ತದೆ. ಮಕ್ಕಳನ್ನು ಓದಲು ಕಳಿಸುವವರು ಸೂಟ್‌ಕೇಸಿನಲ್ಲಿ ಇಡುವ ಮುನ್ನ ನೋಡಿಕೊಳ್ಳಬೇಕಾದದ್ದು ಇದು.

ಊರಲ್ಲೇ ಕೊಳ್ಳುವಾಗ ವ್ಯಾಟ್ ನೋಡಿ ಹೆದರಬೇಕಿಲ್ಲ. ಸಾಮಾನ್ಯ ಐರನ್ನುಗಳು ನೂರು ವ್ಯಾಟಿನೊಳಗೇ ಇರುತ್ತವೆ, ಕರೆಂಟ್ ಹೋದರೂ ಮನೆಯ ಯುಪಿಎಸ್ ಮೇಲೆ ನಡೆಯುತ್ತವೆ. ಸಾವಿರ ದಾಟುವ ಹೇರ್ ಡ್ರೈಯರಿನ ಹಾಗಲ್ಲ. ಗಮನಿಸಬೇಕಾದದ್ದು ವೈರು ಹಿಡಿಕೆಯ ಬುಡದಲ್ಲಿ ತಿರುಗುತ್ತದೆಯೇ, ತಾನಾಗಿ ಆಫ್ ಆಗುತ್ತದೆಯೇ, ಬ್ಯಾರಲ್ಲಿನ ತುದಿಯಲ್ಲಿ ಬೆರಳಿಡಲು ಬಿಸಿಯಾಗದ ಟೊಪ್ಪಿ ಇದೆಯೇ, ಮೇಜಿನ ಮೇಲಿಡಲು ಕಾಲು ಇದೆಯೇ. ತಿರುಗದ ವೈರು ಬುಡದಲ್ಲಿ ಹುರಿಗೊಂಡು ಒಳಗೆ ತುಂಡಾಗುತ್ತದೆ. ಐರನ್ನುಗಳು ಸಾಯುವ ಬಗೆಗಳಲ್ಲಿ ಇದು ತೀರಾ ಸಾಮಾನ್ಯ. ಬಳಸಿ ಆರಿದ ಮೇಲೆ ವೈರನ್ನು ಹಿಡಿಕೆಗೆ ಬಿಗಿಯಾಗಿ ಸುತ್ತಿಡುವ ಅಭ್ಯಾಸವೂ ಇದೇ ಕೆಲಸ ಮಾಡುತ್ತದೆ, ಸಡಿಲ ಕುಣಿಕೆಯಾಗಿ ಇಡಿ. ಬ್ಯಾರಲ್ಲಿನ ಮೇಲೆ ಕಂದು ಅಂಟು ಕಟ್ಟಿದ್ದರೆ ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಚಾಕು, ಸ್ಕ್ರಬ್ಬರ್ ಬೇಡ. ಕುತ್ತಿಗೆಗೋ ಕಿವಿಗೋ ಬಿಸಿ ತಾಗಿದರೆ ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ನಲ್ಲಿಯ ತಣ್ಣೀರು ಹರಿಯಬಿಡಿ. ಬೊಬ್ಬೆ ಎದ್ದರೆ ಒಡೆಯದೆ ಡಾಕ್ಟರಿಗೆ ತೋರಿಸಿ.